ವಖಾರಿಯಿಂದ ಕಾಣೆಯಾದ ಹೂದೋಟ

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅಮೋಲ ರಂಗದ ಕೆಂಪು ಮುಂಪರದೆ ಎಳೆದ. ಹಿಂದೆ ಹೂದೋಟ ಇರಲಿಲ್ಲ.

ಹೂದೋಟವೆಂದರೆ ಬಟ್ಟೆಯ ಪರದೆಯ ಮೇಲೆ ಬರೆದದ್ದು. ಇಪ್ಪತ್ತು ಅಡಿ ಅಗಲ, ಹನ್ನೆರಡು ಅಡಿ ಎತ್ತರ. ನಡುವೆ ಒಂದು ಬಾವಿ, ಬಾವಿಯ ಸುತ್ತ ಹನ್ನೆರಡು ಹೆಂಗಸರು, ಮೇಲೆ ಬೆಳಗಿನದೋ ಸಂಜೆಯದೋ ಹೇಳಲಾಗದ ಗುಲಾಬಿ ಆಕಾಶ. ನಿಪ್ಪಾಣಿಯ ಜನ ಐವತ್ತು ವರ್ಷ ಈ ತೋಟದ ಮುಂದೆ ರಾಜರು ಸತ್ತದ್ದನ್ನೂ ಅತ್ತೆಯರು ಬುದ್ಧಿ ಕಲಿತದ್ದನ್ನೂ ನೋಡಿದ್ದಾರೆ. ಕನ್ನಡ ನಾಟಕಕ್ಕೂ ಅದೇ ತೋಟ, ಮರಾಠಿ ನಾಟಕಕ್ಕೂ ಅದೇ. ಆ ಬಾವಿಯ ನೀರಿಗೆ ಭಾಷೆಯ ಜಗಳ ಇರಲಿಲ್ಲ.

ಭಾನುವಾರ ಕಲಾಕೇಂದ್ರದ ಸುವರ್ಣ ಮಹೋತ್ಸವ. ಅಷ್ಟರೊಳಗೆ ಕೋಲ್ಹಾಪುರದ ಚಿತ್ರಗಾರ ಕುನಾಲ ಹನ್ನೆರಡು ಮುಖಗಳಿಗೂ ಹೊಸ ಬಣ್ಣ ಹಚ್ಚಬೇಕಿತ್ತು. ಅದಕ್ಕೆಂದೇ ಬುಧವಾರ ಪರದೆಯನ್ನು ಕೆಳಗಿಳಿಸಿ ರಂಗದ ಹಲಗೆಗಳ ಮೇಲೆ ಹಾಸಿದ್ದರು. ಈಗ ಅವನು ಕುಂಚ ಹಿಡಿದು ಬಂದರೆ ಹಲಗೆಗಳ ಮೇಲೆ ಉಳಿದದ್ದು ಎರಡು ಬಿದಿರಿನ ಗಳ ಮತ್ತು ಗಾಜಿನ ಹಂಚಿನಿಂದ ಇಳಿದ ಬಿಸಿಲು.

ಅಮೋಲ ಅಲ್ಲೇ ಕುಸಿದು ಕುಳಿತ. ಕೇಂದ್ರದ ಕಾವಲೂ ಅವನದೇ, ದೀಪದ ಕೆಲಸವೂ ಅವನದೇ. ಬೀಗದ ಕೈ ಇದ್ದದ್ದು ಅವನೊಬ್ಬನ ಬಳಿ.

* * *

ಠಾಣೆಯಿಂದ ಎಎಸ್‌ಐ ಕಾಮಣ್ಣ ಬಂದ. ಸಮವಸ್ತ್ರ ಹಾಕಿರಲಿಲ್ಲ. ಕೇಂದ್ರದ ಅಧ್ಯಕ್ಷ ವೃಷಭ ಹಾಗೆಂದೇ ಕೇಳಿಕೊಂಡಿದ್ದರು. ಮಹೋತ್ಸವ ಎದುರಿಗಿರುವಾಗ ಊರ ಬಾಯಿಗೆ ಬೀಳುವುದು ಅವರಿಗೆ ಬೇಡವಾಗಿತ್ತು. ಯಾರೂ ಹೊರಗೆ ಬಾಯಿ ಬಿಡಬಾರದೆಂದು ಎಲ್ಲರಿಂದ ಮಾತು ತೆಗೆದುಕೊಂಡಿದ್ದರು.

ಕಾಮಣ್ಣನ ಊರು ಚಿಕ್ಕೋಡಿ ಕಡೆಯ ಕರೋಶಿ. ವಯಸ್ಸು ಐವತ್ತೆಂಟು. ಕುಳಿತಲ್ಲಿ ತೂಕಡಿಸುವುದರಲ್ಲಿ ಹೆಸರುವಾಸಿ. ಎಚ್ಚರವಿದ್ದವರಿಗೆ ಬಿಡಿಸಲಾಗದ ಗಂಟನ್ನು ಅವನು ತೂಕಡಿಸಿ ಬಿಡಿಸುತ್ತಾನೆಂದು ಠಾಣೆಯಲ್ಲಿ ತಮಾಷೆ ಮಾಡುತ್ತಾರೆ. ತಮಾಷೆಯಲ್ಲಿ ಅರ್ಧ ನಿಜವಿದೆ.

ಒಳಗೆ ಕಾಲಿಟ್ಟವನಿಗೆ ಮೊದಲು ಬಂದದ್ದು ಹಳೆಯ ತಂಬಾಕಿನ ವಾಸನೆ. ಈ ಕಟ್ಟಡ ಮೊದಲು ತಂಬಾಕಿನ ವಖಾರಿ, ಅಂದರೆ ಗೋದಾಮು. ವೃಷಭರ ಅಜ್ಜ ಬಾಪುಸಾಹೇಬರು ವ್ಯಾಪಾರ ನಿಲ್ಲಿಸಿದಾಗ ಇದನ್ನು ಊರಿನ ಕಲೆಗೆ ಬಿಟ್ಟುಕೊಟ್ಟರು. ಇಲ್ಲಿ ತಂಬಾಕು ಹಸನು ಮಾಡುತ್ತಿದ್ದ ಹನ್ನೆರಡು ಹೆಂಗಸರು ಮೂರು ತಿಂಗಳು ಗುಡಿಸಿ ತೊಳೆದು ಗೋದಾಮನ್ನು ರಂಗಮಂದಿರ ಮಾಡಿದರು. ಆ ಉಪಕಾರ ನೆನೆದು ಬಾಪುಸಾಹೇಬರು ಅವರದೇ ಮುಖಗಳನ್ನು ಪರದೆಯ ತೋಟದಲ್ಲಿ ಬರೆಸಿದರು. ಕೇಂದ್ರಕ್ಕೆ ಅವರಿಟ್ಟ ಹೆಸರು ದೊಡ್ಡದು. ಜನರ ಬಾಯಲ್ಲಿ ಅದು ಇವತ್ತಿಗೂ ವಖಾರಿಯೇ.

ಎಷ್ಟು ಗುಡಿಸಿದರೂ ತೊಲೆಗಳಲ್ಲಿ ತಂಬಾಕಿನ ಧೂಳು ಉಳಿದೇಬಿಟ್ಟಿತು. ತಬಲೆಯೋ ತಾಳವೋ ಜೋರಾದರೆ ಉದುರುತ್ತದೆ, ಮುಂದಿನ ಸಾಲಿನವರು ಸೀನುತ್ತಾರೆ. ಸೀನಿಲ್ಲದೆ ಶುರುವಾದ ಕಾರ್ಯಕ್ರಮ ವಖಾರಿಯಲ್ಲಿ ಇಲ್ಲ. ಸೋಮವಾರ ಕನ್ನಡ ನಾಟಕದ ತಾಲೀಮು, ಮಂಗಳವಾರ ಮರಾಠಿಯದು, ಬುಧವಾರ ತಬಲಾ ಮತ್ತು ಹಾರ್ಮೋನಿಯಂ, ಗುರುವಾರ ಮಧ್ಯಾಹ್ನ ಹೆಂಗಸರ ಭಜನೆ, ಮುಂದಿನ ದಿನಗಳಲ್ಲಿ ಚಿತ್ರಕಲೆ, ಸಿನಿಮಾ. ವಾರವಿಡೀ ಸೀನು.

ಕಾಮಣ್ಣ ಎಂಟು ವರ್ಷದವನಿದ್ದಾಗ ಅಪ್ಪನ ಜೊತೆ ಇಲ್ಲಿ ನಾಟಕ ನೋಡಿದ್ದ. ನಾಟಕ ನೆನಪಿಲ್ಲ, ತೋಟ ನೆನಪಿದೆ. ಆ ಹೆಂಗಸರು ನಿಜವಾಗಿ ಒಳಗಿದ್ದಾರೆ, ನಾವೆಲ್ಲ ಮನೆಗೆ ಹೋದ ಮೇಲೆ ನೀರು ಸೇದುತ್ತಾರೆ ಎಂದು ಅವನು ಬಹಳ ವರ್ಷ ನಂಬಿದ್ದ. ಈಗ ಬರಿದಾದ ಹಲಗೆಗಳನ್ನು ನೋಡಿದಾಗ ಯಾರೋ ಕದ್ದರು ಅನ್ನಿಸಲಿಲ್ಲ. ಅವರೇ ಎದ್ದು ಎಲ್ಲಿಗೋ ಹೋದರು ಅನ್ನಿಸಿತು. ಅವನಿಗೆ ಬೇಸರವಾಯಿತು.

ಆದರೆ ಪೊಲೀಸ್ ಪೊಲೀಸೇ. ಮೊಣಕಾಲೂರಿ ಕುಳಿತ. ಪರದೆ ಹಾಸಿದ್ದ ಜಾಗದ ಅಂಚಿಗೆ ನೀರು ಹನಿದ ಗುರುತುಗಳಿದ್ದವು. ಪಕ್ಕದಲ್ಲಿ ಧೂಳಿನ ಮೇಲೆ ಚೌಕಾಕಾರದ ಅಚ್ಚು, ಗೋಣಿತಟ್ಟಿನ ನೇಯ್ಗೆ ಎದ್ದು ಕಾಣುತ್ತಿತ್ತು. ಪರದೆಯನ್ನು ಗಳಕ್ಕೆ ಸೇರಿಸಿದ್ದ ಹೊಲಿಗೆಯನ್ನು ಯಾರೂ ಹರಿದಿರಲಿಲ್ಲ. ಒಂದೊಂದಾಗಿ ಬಿಚ್ಚಿದ್ದರು. ಬಿಚ್ಚಿದ ದಾರವನ್ನು ಒಂದು ಬೆಂಕಿಕಡ್ಡಿಗೆ ನೀಟಾಗಿ ಸುತ್ತಿ ಗಳದ ಪಕ್ಕ ಇಟ್ಟು ಹೋಗಿದ್ದರು.

ಇಪ್ಪತ್ತು ಅಡಿಯ ಪರದೆ ಕದ್ದವರು ದಾರ ಉಳಿಸಿ ಇಟ್ಟಿದ್ದಾರೆ. ಕಾಮಣ್ಣ ಅದನ್ನು ಜೇಬಿಗೆ ಹಾಕಿಕೊಂಡ.

* * *

ವೃಷಭರಿಗೆ ಅನುಮಾನವೇ ಇರಲಿಲ್ಲ. ಗುರುವಾರ ಸಂಜೆ ಬೀಗ ಹಾಕಿದವನು ಅಮೋಲ, ಶುಕ್ರವಾರ ತೆಗೆದವನು ಅಮೋಲ. ಬೀಗ ಮುರಿದಿಲ್ಲ. ನೀರಿನ ಗುರುತೆಂದರೆ ಅವನು ಹೆಜ್ಜೆಗಳನ್ನು ಒರೆಸಿದ ಗುರುತು. ಮೇಲಾಗಿ ಅವನ ಬಲ ಹೆಗಲು ಕೆಂಪಗೆ ತರಚಿತ್ತು. ಭಾರದ್ದೇನೋ ಹೊತ್ತಿದ್ದಾನೆ ಎನ್ನುವುದಕ್ಕೆ ಇನ್ನೇನು ಬೇಕು ಎಂದು ಅವರು ಕೇಳಿದರು.

ಕೆಟ್ಟ ಮನುಷ್ಯರೇನಲ್ಲ ಅವರು. ಅಜ್ಜ ಕಟ್ಟಿದ್ದು ತಮ್ಮ ಕೈಯಲ್ಲಿ ಹಾಳಾಯಿತೆಂಬ ಸಂಕಟಕ್ಕೆ ಯಾರಾದರೂ ಒಬ್ಬ ಬೇಕಾಗಿತ್ತು.

“ನಾಳೆ ಸಂಜಿ ಐದರ ತನಕ ನೋಡ್ತೀನ್ರಿ ಕಾಮಣ್ಣಾರ,” ಎಂದರು. “ಪರದೆ ಬರ್ಲಿಲ್ಲಂದ್ರ ಇವನ ಹೆಸರ್ಲೇ ಕಂಪ್ಲೇಂಟ್ ಕೊಡ್ತೀನಿ. ಕೆಲಸಾನೂ ಇಲ್ಲ, ಖೋಲಿನೂ ಇಲ್ಲ.”

ಖೋಲಿ ಎಂದರೆ ವಖಾರಿಯ ಹಿಂದಿನ ಒಂದು ಕೋಣೆ. ಅಲ್ಲಿ ಅಮೋಲನ ಹೆಂಡತಿ ಸೀಮಾ ಆರು ತಿಂಗಳ ಕೂಸನ್ನು ಮಲಗಿಸುತ್ತಿದ್ದಳು. ಆ ಕೋಣೆ ಹೋದರೆ ಅವರಿಗೆ ನಿಪ್ಪಾಣಿಯಲ್ಲಿ ಬೇರೆ ನೆಲೆಯಿರಲಿಲ್ಲ.

“ನಾ ಪರದೆ ಮುಟ್ಟಿಲ್ರಿ ಸಾಹೇಬ್ರ,” ಎಂದ ಅಮೋಲ. ಹೆಗಲಿನ ಗಾಯ ಜಮಖಾನ ಹೊತ್ತದ್ದರಿಂದ ಆಯಿತಂತೆ. ಭಜನೆಯವರು ತಿಂಗಳಿಗೊಮ್ಮೆ ಅದನ್ನು ತೊಳೆಯಲು ಒಯ್ಯುತ್ತಾರಂತೆ. ವೃಷಭ ಬೇರೆ ಕಡೆ ಮುಖ ತಿರುಗಿಸಿದರು. ಮಾತು ಅಲ್ಲಿಗೇ ಬಿತ್ತು. ಕಾಮಣ್ಣನೂ ಅದನ್ನು ಎತ್ತಿಕೊಳ್ಳಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಅವನ ಫೋನು ಬಡಿಯಿತು.

ಚಿತ್ರಗಾರ ಕುನಾಲ ಯಾರಿಗೂ ಹೇಳದೆ ಕೋಲ್ಹಾಪುರದ ದಾರಿ ಹಿಡಿದಿದ್ದ. ಜೀಪಿನ ಮೇಲೆ ಉದ್ದನೆಯ ಸುರುಳಿಯೊಂದು ಕಟ್ಟಿತ್ತು.

* * *

ಕೊಗನೊಳಿ ನಾಕಾದಲ್ಲಿ ಪೊಲೀಸರು ಜೀಪು ನಿಲ್ಲಿಸಿದ್ದರು. ಕಾಮಣ್ಣ ಮೋಟರ್ ಸೈಕಲ್ಲಿನ ಮೇಲೆ ಅರ್ಧ ಗಂಟೆಯಲ್ಲಿ ತಲುಪಿದ. ಹಗ್ಗ ಬಿಚ್ಚಿಸಿ ಸುರುಳಿ ಬಿಡಿಸಿದರೆ ಒಳಗೆ ನಗುತ್ತಿದ್ದವರು ಬಾಪುಸಾಹೇಬರು. ಮಹೋತ್ಸವದ ಫ್ಲೆಕ್ಸು. ಅಚ್ಚಿನಲ್ಲಿ ಅವರ ಮೂಗು ಎರಡಾಗಿತ್ತು. ಅದನ್ನು ಮತ್ತೆ ಮಾಡಿಸಿಕೊಂಡು ಬರಲು ಕುನಾಲ ಹೊರಟಿದ್ದ. ಎರಡು ಮೂಗಿನ ಅಜ್ಜನನ್ನು ವೃಷಭರಿಗೆ ತೋರಿಸುವ ಧೈರ್ಯ ಅವನಿಗಿರಲಿಲ್ಲ.

ಬಿಸಿಲಿಗೆ ಇಬ್ಬರೂ ಕಬ್ಬಿನ ಹಾಲು ಕುಡಿದರು. ಪೊಲೀಸರ ಅನುಮಾನ ತಪ್ಪಿದ ಖುಷಿಗೆ ಕುನಾಲನಿಗೆ ಮಾತು ಬಂತು. ಬುಧವಾರ ಅವನು ಮಾದರಿಗೆಂದು ಒಂದೇ ಒಂದು ಮುಖ ತಿದ್ದಿದ್ದನಂತೆ, ಎಡತುದಿಯಲ್ಲಿ ಕೊಡ ಹಿಡಿದ ಹೆಂಗಸಿನದು. ಹಳೆಯ ಚಿತ್ರ ಎಣ್ಣೆ ಬಣ್ಣದ್ದು. ಇವನು ಹಚ್ಚಿದ್ದು ನೀರಿನ ಬಣ್ಣ, ಅಧ್ಯಕ್ಷರಿಗೆ ಹಿಡಿಸಿದರೆ ಆಮೇಲೆ ಪಕ್ಕಾ ಮಾಡಿದರಾಯಿತೆಂದು.

“ಡೋಳಾ ವಾಕಡಾ ಹೋತಾ ಸಾಹೇಬ. ಸರಳ ಕೇಲಾ,” ಎಂದ. ಅವಳ ಒಂದು ಕಣ್ಣು ಓರೆ ಇತ್ತು, ನೆಟ್ಟಗೆ ಮಾಡಿದೆ. ಅದರ ಬಗ್ಗೆ ಅವನಿಗೆ ಹೆಮ್ಮೆ.

ಸಂಜೆ ಅಲ್ಲಿದ್ದವರನ್ನೆಲ್ಲ ಕರೆದು ತೋರಿಸಿದಾಗ ಚಪ್ಪಾಳೆ ತಟ್ಟಿದರಂತೆ. ಕಂಬದ ಬುಡದಲ್ಲಿದ್ದ ಒಬ್ಬ ಮುದುಕಿ ಮಾತ್ರ ತಟ್ಟಲಿಲ್ಲ. ಉಳಿದ ಮುಖಗಳನ್ನು ಯಾವಾಗ ಬರೆಯುತ್ತೀರಿ ಎಂದಷ್ಟೇ ಕೇಳಿದಳು. ಶುಕ್ರವಾರ ಮುಂಜಾನೆ ಎಂದು ಇವನು ಹೇಳಿದ.

ಕಾಮಣ್ಣ ಹಾಲಿನ ಗ್ಲಾಸು ಕೆಳಗಿಟ್ಟ.

* * *

ಶನಿವಾರ ಬೆಳಿಗ್ಗೆ ಅವನು ವಖಾರಿಯಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಕಣ್ಣು ಮುಚ್ಚಿದ. ಗಾಜಿನ ಹಂಚಿನ ಬಿಸಿಲು ಮೆಲ್ಲಗೆ ಅವನ ಕಾಲಿನಿಂದ ಮೊಣಕಾಲಿಗೆ ಏರಿತು. ಧೂಳಿನ ಕಣಗಳು ಬಿಸಿಲಲ್ಲಿ ಇಳಿಯುತ್ತಿದ್ದವು, ಏರುತ್ತಿದ್ದವು. ಅರೆನಿದ್ದೆಯಲ್ಲಿ ಹನ್ನೆರಡು ಹೆಂಗಸರು ಬಾವಿಕಟ್ಟೆಯಿಂದ ಎದ್ದರು. ಕೊಡ ಇಳಿಸಿದರು. ತಮ್ಮ ತೋಟವನ್ನು ತಾವೇ ಚಾಪೆಯಂತೆ ಸುತ್ತಿದರು. ಹೆಗಲ ಮೇಲೆ ಹೊತ್ತು ಬಾಗಿಲಿನಿಂದ ನೆಟ್ಟಗೆ ಹೊರಗೆ ನಡೆದರು. ಹೊರಗೆ ಹಗಲಿತ್ತು.

ಚಹಾ ತಂದ ಅಮೋಲ ಮೆಲ್ಲಗೆ ಕೆಮ್ಮಿದ. ಕಣ್ಣು ತೆರೆಯದೆಯೇ ಕಾಮಣ್ಣ, ಗುರುವಾರದ ಭಜನೆ ಹೇಗಾಯಿತು ಎಂದು ಕೇಳಿದ.

“ಏನೋ ಸಪ್ಪಗಿತ್ರಿ,” ಎಂದ ಅಮೋಲ. “ವಾರಾವಾರ ಹೂದೋಟ ಇಳಸೂ ತನಕ ಅವ್ರು ತಾಳ ಮುಟ್ಟೂದಿಲ್ರಿ. ಮೊನ್ನೆ ಕೆಳಗ ಹಾಸಿತ್ತಲ್ಲ, ಮ್ಯಾಲ ಕಟ್ಟು ಅಂತ ಗಲಾಟಿ ಮಾಡ್ತಾರಂತ ಅಂಜಿದ್ದೆ. ಕೇಳಲೇ ಇಲ್ರಿ. ಕೆಂಪ ಪರದೆನೂ ತಾವ ಎಳಕೊಂಡ್ರು.”

“ಎಷ್ಟು ಮಂದಿ ಬಂದಿದ್ರು?”

“ಹದಿನೆಂಟು. ಆದ್ರ ಹೊರಗ ಕುಂತ ನನಗ ತಾಳ ಎಂಟೋ ಒಂಬತ್ತೋ ಕೇಳಸಿದಂಗಾತ್ರಿ.”

ಕಾಮಣ್ಣ ಕಣ್ಣು ತೆರೆದ. ಚಹಾ ಕುಡಿಯಲಿಲ್ಲ. ಭಜನೆಯ ಹಿರಿಯಳು ಯಾರು, ಮನೆ ಎಲ್ಲಿ ಎಂದು ಕೇಳಿಕೊಂಡು ಹೊರಟ.

* * *

ಚನ್ನವ್ವನಿಗೆ ಎಪ್ಪತ್ತನಾಲ್ಕು. ಹಳೇ ಊರಿನ ಓಣಿಯಲ್ಲಿ ಮನೆ. ಉದ್ದನೆಯ ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲ್ಲರೂ ಗುರುವಾರದ ಭಜನೆಯವರೇ. ಕಾಮಣ್ಣ ತಾನು ಯಾರೆಂದು ಹೇಳಿ ನಮಸ್ಕಾರ ಮಾಡಿದ. ಯಾರೂ ಎದ್ದು ಓಡಲಿಲ್ಲ. ಕುಡಿಯಲು ನೀರು ಬಂತು. ಗೋಡೆಯುದ್ದಕ್ಕೂ ಸುತ್ತಿಟ್ಟ ಜಮಖಾನದ ಮೇಲೆ ಕೂರಲು ಹೇಳಿದರು. ಅವನು ಕುಳಿತ. ಜಮಖಾನದ ಧೂಳು ಪ್ಯಾಂಟಿಗೆ ಹತ್ತಿತು.

ಚನ್ನವ್ವ ಒದ್ದೆ ಗೋಣಿತಟ್ಟು ಬಿಚ್ಚಿ ಬೀಡಿಯ ಎಲೆ ಹೊರತೆಗೆಯುತ್ತಿದ್ದಳು. ಎಲೆಯನ್ನು ಯಾಕೆ ತೋಯಿಸುತ್ತೀರಿ ಎಂದು ಕಾಮಣ್ಣ ಕೇಳಿದ, ಏನೂ ಅರಿಯದವನಂತೆ.

“ಒಣಾ ಎಲಿ ಸುತ್ತಾಕ ಹೋದ್ರ ಸೀಳ್ತೈತ್ರಿ,” ಎಂದಳು. “ಹಸಿ ತಟ್ಟಿನ್ಯಾಗ ಇಟ್ರ ಹೇಳಿದಂಗ ಕೇಳ್ತೈತಿ.”

ಅವಳ ಮೊರದ ಮೂಲೆಯಲ್ಲಿ ಉಳಿದ ದಾರದ ತುಂಡುಗಳಿದ್ದವು. ಬೆಂಕಿಕಡ್ಡಿಗೆ ಸುತ್ತಿದ್ದು. ಅಂಗಳದ ತಂತಿಯ ಮೇಲೆ ಗೋಣಿತಟ್ಟುಗಳು ಒಣಗುತ್ತಿದ್ದವು. ಅವುಗಳಲ್ಲಿ ಒಂದರ ಮೇಲೆ ಅಂಗೈಯಗಲದ ಗುಲಾಬಿ ಕಲೆ. ಮನುಷ್ಯರ ಮೈಬಣ್ಣದ್ದು. ಕಾಮಣ್ಣ ಅದನ್ನು ಬಹಳ ಹೊತ್ತು ನೋಡಿದ. ಅವನಿಗೆ ಇನ್ನೊಂದು ವಿಷಯವೂ ಹೊಳೆಯಿತು. ಹೇಳಿ ಆಸೆ ಹುಟ್ಟಿಸುವ ಧೈರ್ಯ ಬರಲಿಲ್ಲ.

ಜಮಖಾನ ಎತ್ತಿ ನೋಡಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಎತ್ತಲಿಲ್ಲ. ತಾನು ಹಿಡಿದು ತಂದರೆ ಇವರು ಕಳ್ಳರಾಗುತ್ತಾರೆ, ತಾವೇ ತಂದರೆ ಆಗುವುದಿಲ್ಲ. ಅವನ ಮೂವತ್ತೈದು ವರ್ಷದ ನೌಕರಿ ಕಲಿಸಿದ್ದು ಅಷ್ಟೇ.

“ಅಕ್ಕಾರ, ವಖಾರಿ ಪರದೆ ಕಳವಾಗೇತಿ,” ಎಂದ. “ಅಮೋಲನ ಮ್ಯಾಲೆ ಬಂದೈತಿ. ಸಂಜಿ ಐದಕ್ಕ ಕಂಪ್ಲೇಂಟ್ ಬರೀತಾರ. ಸೀಮಾ ಗಂಟು ಕಟ್ಟಾಕತ್ತಾಳ.”

ಚನ್ನವ್ವ ಎಲೆ ಕತ್ತರಿಸುತ್ತಿದ್ದ ಕತ್ತರಿ ನಿಂತಿತು. ಪಡಸಾಲೆಯ ಉಳಿದ ಕತ್ತರಿಗಳೂ ನಿಂತವು. ಈ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ವೃಷಭ ಊರ ಬಾಯಿ ಅಷ್ಟು ಚೆನ್ನಾಗಿ ಮುಚ್ಚಿಸಿದ್ದರು.

ಕಾಮಣ್ಣ ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದ.

* * *

ಐದಕ್ಕೆ ಹತ್ತು ನಿಮಿಷ. ವೃಷಭ ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದರು. ಕುನಾಲ ಒಂದೇ ಮೂಗಿನ ಹೊಸ ಫ್ಲೆಕ್ಸು ತಂದು ಮೂಲೆಗೆ ನಿಂತಿದ್ದ. ಹಿಂಬಾಗಿಲ ಮೆಟ್ಟಿಲ ಮೇಲೆ ಸೀಮಾ ಕೂಸನ್ನೆತ್ತಿಕೊಂಡು ಎರಡು ಗಂಟುಗಳ ನಡುವೆ ಕುಳಿತಿದ್ದಳು. ಅಮೋಲ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟ. ಕಾಮಣ್ಣ ದೊಡ್ಡ ಬಾಗಿಲಿನ ಕಡೆ ನೋಡಿದ. ಅವರು ಬರದಿದ್ದರೆ ತಾನೇ ಹೋಗಿ ತರಬೇಕು.

ಐದಕ್ಕೆ ಐದು ನಿಮಿಷ. ಹೊರಗೆ ಟೆಂಪೊ ನಿಂತಿತು.

ದೊಡ್ಡ ಬಾಗಿಲಿನಿಂದ ಹೆಂಗಸರು ಎರಡು ಸಾಲಾಗಿ ಬಂದರು. ಹೆಗಲ ಮೇಲೆ ಸುತ್ತಿದ ಜಮಖಾನ. ಎಲ್ಲರ ಮುಂದೆ ಬರಿಗೈಯ ಚನ್ನವ್ವ. ಅಮೋಲ ಏನೂ ಯೋಚಿಸದೆ ಓಡಿಹೋಗಿ, ರೂಢಿಯಂತೆ, ಹಿಂದಿನ ತುದಿಗೆ ಹೆಗಲು ಕೊಟ್ಟ. ಕೊಟ್ಟವನು ಹಾಗೇ ನಿಂತುಬಿಟ್ಟ. ಅವನ ಮುಖ ನೋಡಿದರೆ ಈಗ ಎಲ್ಲ ತಿಳಿದಂತಿತ್ತು.

“ಗುರುವಾರನೂ ಹಿಂಗ ಕೊಟ್ಟಿದ್ದಿಲ್ಲೋ ಹೆಗಲ?” ಎಂದ ಕಾಮಣ್ಣ. “ಬರೇ ಜಮಖಾನ ಹೊತ್ರ ತರಚತೈತೇನಪಾ?”

ಆಮೇಲೆ ವೃಷಭರ ಕಡೆ ತಿರುಗಿ ಒಂದೊಂದಾಗಿ ಬಿಡಿಸಿ ಹೇಳಿದ. ಕಳ್ಳತನ ರಾತ್ರಿ ಆಯಿತೆಂದು ಎಲ್ಲರೂ ಅಂದುಕೊಂಡರು. ಆದದ್ದು ಗುರುವಾರ ಹಾಡುಹಗಲು, ಭಜನೆಯ ಹೊತ್ತಿಗೆ. ಅರ್ಧ ಜನ ಮುಂದೆ ಕುಳಿತು ಹಾಡಿದರು, ಅರ್ಧ ಜನ ಕೆಂಪು ಪರದೆಯ ಹಿಂದೆ ಕೆಲಸ ಮಾಡಿದರು. ಅದಕ್ಕೇ ತಾಳ ಅರ್ಧ. ಹೂದೋಟ ಇಳಿಸದೆ ಹಾಡದವರು ಅಂದು ಅದನ್ನು ಕೇಳಲೇ ಇಲ್ಲ, ಯಾಕೆಂದರೆ ಅದು ಅವರ ಕೈಯಲ್ಲೇ ಇತ್ತು. ಹಳೇ ಬಣ್ಣ ಒಣಗಿ ಬಿರುಸಾಗಿತ್ತು. ಸುಮ್ಮನೆ ಸುತ್ತಿದ್ದರೆ ಸೀಳುತ್ತಿತ್ತು. ಬೇರೆ ಕಳ್ಳನಾಗಿದ್ದರೆ ಹಾಗೇ ಮಡಚಿಕೊಂಡು ಓಡುತ್ತಿದ್ದ. ಬೀಡಿ ಕಟ್ಟುವವರಿಗೆ ಅದು ಆಗದು. ಅವರು ಒದ್ದೆ ಗೋಣಿತಟ್ಟು ಹಾಸಿ, ಮೆತ್ತಗಾಗುವ ತನಕ ಕಾದು, ಆಮೇಲೆ ಸುತ್ತಿದರು. ಹೆಜ್ಜೆ ಒರೆಸಿದ್ದೆಂದು ನಾವು ತಿಳಿದ ನೀರು ಅದೇ. ಬಿಚ್ಚಿದ ದಾರ ಬಿಸಾಡಲೂ ಮನಸ್ಸು ಬರಲಿಲ್ಲ. ದಿನವೂ ಉಳಿಸುವ ಕೈ ಅಲ್ಲೂ ಉಳಿಸಿತು. ಸುತ್ತಿದ ಪರದೆ ಜಮಖಾನದೊಳಗೆ ಸೇರಿ ಎಲ್ಲರ ಕಣ್ಣೆದುರೇ ಬಾಗಿಲು ದಾಟಿತು. ತೊಳೆಯಲೆಂದು ಒಯ್ದ ಜಮಖಾನದ ಧೂಳು ಮಾತ್ರ ಹಾಗೇ ಇತ್ತು.

ಅವನು ಬೆಂಕಿಕಡ್ಡಿಯ ದಾರವನ್ನು ಮೇಜಿನ ಮೇಲಿಟ್ಟ. ವೃಷಭ ಅದನ್ನೇ ನೋಡುತ್ತ ಕುಳಿತರು.

ಚನ್ನವ್ವ ಮೊದಲು ಹೋದದ್ದು ಅಮೋಲನ ಹತ್ತಿರ. ಅವನ ಕೈ ಹಿಡಿದುಕೊಂಡಳು. “ನಿನ್ನ ಮ್ಯಾಲೆ ಬರ್ತೈತಂತ ಗೊತ್ತಿರಲಿಲ್ಲಪಾ. ಐತ್ವಾರ ಮುಂಜಾನೆ ತಂದು ಕಟ್ಟಾವ್ರಿದ್ವಿ. ಬಣ್ಣ ಹಚ್ಚೂ ದಿನ ದಾಟಿದ್ರ ಸಾಕಾಗಿತ್ತು. ತಪ್ಪು ನಂದ.” ಅಮೋಲನ ಕಣ್ಣು ತುಂಬಿದ್ದವು.

ಯಾಕೆ ಹೀಗೆ ಮಾಡಿದಿರಿ ಎಂದು ವೃಷಭ ಕೇಳಿದರು. ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು.

“ಎಡಗಡೆ ಕೊಡ ಹಿಡ್ದಾಕಿ ನಮ್ಮವ್ವ, ಗಂಗವ್ವ,” ಎಂದಳು ಚನ್ನವ್ವ. “ಅಕಿದೊಂದು ಫೋಟೋ ಇಲ್ರಿ ಅಣ್ಣಾರ. ಇರೂದು ಇದೊಂದ. ಅಕಿದು ಮೆಳ್ಳಗಣ್ಣು. ಒಂದು ಕಣ್ಣು ಕೊಡದ ಮ್ಯಾಲೆ, ಇನ್ನೊಂದು ಆ ಕಂಬದ ಬುಡಕ. ಐವತ್ತು ವರ್ಷ ನಾ ಆ ಕಂಬದ ಬುಡಕ ಕುಂತೇನ್ರಿ. ಬುಧವಾರ ಇವರು ಕಣ್ಣು ಸೀದಾ ಮಾಡಿದ್ರು. ಎರಡೂ ಕಣ್ಣು ಕೊಡದ ಮ್ಯಾಲೆ ಹೋದುವು. ಅಕಿ ನನ್ನ ನೋಡೂದ ಬಿಟ್ಲು.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಇವರೆಲ್ಲಾರ ಅವ್ವಂದಿರೂ, ಅತ್ತಿಗೋಳೂ ಅಲ್ಲೇ ಅದಾರ. ಉಳದಾರನ್ನರ ಉಳಿಸೂಣು ಅಂದ್ವಿ.”

ಕುನಾಲನಿಗೆ ಕನ್ನಡ ಅರ್ಧ ತಿಳಿಯಿತು. ಆ ಅರ್ಧಕ್ಕೇ ಅವನು ತಲೆ ತಗ್ಗಿಸಿದ.

“ಬಿಚ್ಚರಿ,” ಎಂದ ಕಾಮಣ್ಣ.

* * *

ರಂಗದ ಮೇಲೆ ಜಮಖಾನ ಬಿಡಿಸಿದರು. ಒಳಗೆ ಹಳೇ ಸೀರೆಗಳ ನಡುವೆ ಹೂದೋಟ. ಒಂದು ಸೀಳೂ ಇರಲಿಲ್ಲ. ಗುಲಾಬಿ ಆಕಾಶ ಬಂತು, ಬಾವಿ ಬಂತು, ಒಬ್ಬೊಬ್ಬರಾಗಿ ಹೆಂಗಸರು ಬಂದರು. ಎಡತುದಿ ಕೊನೆಗೆ ಬಿಚ್ಚಿತು. ಚನ್ನವ್ವ ಬೇರೆ ಕಡೆ ನೋಡುತ್ತಿದ್ದಳು. ಗುರುವಾರ ಅವಳು ಮುಂದೆ ಕುಳಿತು ಹಾಡಿದ್ದಳು, ಸುತ್ತಿದವರು ಬೇರೆಯವರು. ಕೆಂಪು ಪರದೆಯ ಹಿಂದಿನ ಮಬ್ಬಿನಲ್ಲಿ ಅವರು ಯಾರ ಮುಖವನ್ನೂ ನೋಡಿರಲಿಲ್ಲ.

ಕುನಾಲ ಬಗ್ಗಿದ. ಬೆರಳಿನಿಂದ ಆ ಮುಖ ಮುಟ್ಟಿದ. ಅವನು ಹಚ್ಚಿದ್ದ ನೀರಿನ ಬಣ್ಣ ಅಲ್ಲಿ ಇರಲಿಲ್ಲ. ಒದ್ದೆ ಗೋಣಿತಟ್ಟು ಅದನ್ನು ಹೀರಿಕೊಂಡು ಹೋಗಿತ್ತು. ಕೆಳಗಿನ ಎಣ್ಣೆಯ ಬಣ್ಣ ಐವತ್ತು ವರ್ಷದ ಹಿಂದೆ ಇದ್ದಂತೆಯೇ ಇತ್ತು.

ವೃಷಭ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಬೀಗದ ಕೈಗಳನ್ನು ತಾವೇ ಒಯ್ದು ಅಮೋಲನ ಕೈಗೆ ಕೊಟ್ಟರು. ತಪ್ಪಾಯಿತು ಎಂದರು, ಎಲ್ಲರಿಗೂ ಕೇಳುವಂತೆ. ಮುಖಗಳು ಇದ್ದ ಹಾಗೇ ಇರಲಿ ಎಂದೂ ಹೇಳಿದರು. ಕಾಮಣ್ಣ ತನ್ನ ವರದಿಯಲ್ಲಿ, ತೊಳೆಯಲು ಒಯ್ದ ಜಮಖಾನದೊಳಗೆ ಪರದೆಯೂ ಸುತ್ತಿಕೊಂಡು ಹೋಗಿದ್ದು ಹಿಂದಕ್ಕೆ ಬಂದಿದೆ ಎಂದು ಬರೆದ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಹೆಂಗಸರು ಬೆಂಕಿಕಡ್ಡಿಯ ದಾರ ಬಿಚ್ಚಿ ಪರದೆಯನ್ನು ಮತ್ತೆ ಗಳಕ್ಕೆ ಹೊಲಿದರು. ಅಮೋಲ ಹಗ್ಗ ಎಳೆದ. ಹೂದೋಟ ಮೇಲೇರಿ ನಿಂತಿತು. ಚನ್ನವ್ವ ಕಂಬದ ಬುಡಕ್ಕೆ ಹೋಗಿ ಸೆರಗು ಸರಿಮಾಡಿಕೊಂಡು ಕುಳಿತಳು. ಯಾರೋ ತಾಳ ಕೊಟ್ಟರು. ಹದಿನೆಂಟೂ ತಾಳಗಳು ಒಟ್ಟಿಗೆ ಬಿದ್ದವು. ತೊಲೆಯಿಂದ ಧೂಳು ಇಳಿಯಿತು, ಕಾಮಣ್ಣ ಸೀನಿದ. ಆಮೇಲೆ ಚನ್ನವ್ವ ತಲೆಯೆತ್ತಿದಳು.

ಗಂಗವ್ವ ಒಂದು ಕಣ್ಣಿನಿಂದ ಕೊಡ ನೋಡುತ್ತಿದ್ದಳು. ಇನ್ನೊಂದರಿಂದ ಮಗಳನ್ನು.